ಬಬ್ಲಿ ಕ್ರೀಕಿನ ಗುಳ್ಳೆ, ಡೆಟ್ರಾಯ್ಟಿನ ಲೆಕ್ಕ

ಷಿಕಾಗೊ ನದಿಯ ದಕ್ಷಿಣ ಕವಲಿಗೆ ಒಂದು ಚಿಕ್ಕ ಟಿಸಿಲು ಇದೆ. ಭೂಪಟದಲ್ಲಿ ಅದು ಸೌತ್ ಫೋರ್ಕ್, ಊರವರ ಬಾಯಲ್ಲಿ ಬಬ್ಲಿ ಕ್ರೀಕ್. ಬಿಸಿಲೇರಿದ ದಿನ ದಡದಲ್ಲಿ ನಿಂತರೆ ಈಗಲೂ ನೀರಿನ ಮೇಲೆ ಗುಳ್ಳೆ ಏಳುವುದು ಕಾಣುತ್ತದೆ. ತಳದ ಕೆಸರಿನಲ್ಲಿ ಹುಟ್ಟುವ ಮಿಥೇನ್ ಅದು. ಜೊತೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್. ಹತ್ತಿರದ ದನದ ಪೇಟೆ ಮುಚ್ಚಿ ಅರ್ಧ ಶತಮಾನ ದಾಟಿದೆ. ಅದು ಬಿಟ್ಟುಹೋದದ್ದನ್ನು ಬ್ಯಾಕ್ಟೀರಿಯಾಗಳು ಇನ್ನೂ ಉಂಡು ಮುಗಿಸಿಲ್ಲ.

ಆ ಪೇಟೆಯೇ ಯೂನಿಯನ್ ಸ್ಟಾಕ್ ಯಾರ್ಡ್ಸ್. ಒಂಬತ್ತು ರೈಲ್ವೆ ಕಂಪನಿಗಳು ಸೇರಿ, ಊರ ದಕ್ಷಿಣಕ್ಕಿದ್ದ 320 ಎಕರೆ ಜೌಗು ನೆಲ ಕೊಂಡು ಅಲ್ಲಿ ದನದ ದೊಡ್ಡಿಗಳನ್ನು ಕಟ್ಟಿಸಿದವು. 1865ರ ಕ್ರಿಸ್‌ಮಸ್ ದಿನ ತೆರೆದ ಯಾರ್ಡ್ಸ್ ಮುಚ್ಚಿದ್ದು 1971ರ ಜುಲೈ ಕೊನೆಗೆ. 1870ರ ಹೊತ್ತಿಗೆ ವರ್ಷಕ್ಕೆ ಇಪ್ಪತ್ತು ಲಕ್ಷ, 1890ರ ಹೊತ್ತಿಗೆ ತೊಂಬತ್ತು ಲಕ್ಷ ಪ್ರಾಣಿಗಳು ಇಲ್ಲಿ ಕೈ ಬದಲಾಯಿಸುತ್ತಿದ್ದವು. ಸುತ್ತ ಬೆಳೆದ ಆರ್ಮರ್, ಸ್ವಿಫ್ಟ್ ಕಂಪನಿಗಳಿಗೆ ತಾವು ಏನನ್ನೂ ಬಿಸಾಡುವುದಿಲ್ಲ, ಹಂದಿಯ ಕಿರುಚಾಟವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾರುತ್ತೇವೆ ಎಂಬ ಜಂಬವಿತ್ತು. ಮೂಳೆಯಿಂದ ಅಂಟು, ಗುಂಡಿ, ರಕ್ತದಿಂದ ಗೊಬ್ಬರ, ಕೊಬ್ಬಿನಿಂದ ಸಾಬೂನು.

ಜಂಬಕ್ಕೆ ಸಿಗದೆ ಜಾರಿಕೊಂಡ ಒಂದು ವಸ್ತು ಇತ್ತು: ದನದ ಹೊಟ್ಟೆಯೊಳಗಿನ ಹುಲ್ಲು.

ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದೂ ದೊಡ್ಡದೂ ಆದ ರೂಮೆನ್ ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಕೊಯ್ದಾಗ ಅದರಿಂದ ಸುರಿಯುವುದು ಹಳದಿ-ಹಸಿರು ಬಣ್ಣದ, ಇನ್ನೂ ಬೆಚ್ಚಗಿರುವ, ಹುಳಿನಾತದ ನಾರುಗಂಜಿ. ಒಂದೊಂದು ಪ್ರಾಣಿಯಿಂದ ಹತ್ತಾರು ಕಿಲೋ. ಅದನ್ನು ಕೊಳ್ಳುವವರು ಕಡಿಮೆ, ಒಣಗಿಸುವ ಖರ್ಚು ಹೆಚ್ಚು. ಹೀಗಾಗಿ ಬಹಳಷ್ಟು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಹೋಯಿತು. ಅದರ ಜೊತೆ ಹೋದದ್ದು ಬರೀ ನಾರಲ್ಲ. ರೂಮೆನ್ನಿನ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ.

ಹುಲ್ಲು ತಿಂದು ದನ ಬದುಕುತ್ತದೆ ಎನ್ನುವುದು ಅರ್ಧ ಸತ್ಯ. ಹುಲ್ಲಿನ ಸೆಲ್ಯುಲೋಸನ್ನು ಒಡೆಯುವ ಕಿಣ್ವ ದನದ ಬಳಿ ಇಲ್ಲ, ನಮ್ಮ ಬಳಿಯೂ ಇಲ್ಲ. ಅಕ್ಕಿಯ ಪಿಷ್ಟದಲ್ಲಿರುವುದೂ ಹುಲ್ಲಿನ ಸೆಲ್ಯುಲೋಸಿನಲ್ಲಿರುವುದೂ ಒಂದೇ ಗ್ಲೂಕೋಸ್. ಕೊಂಡಿ ಹಾಕಿಕೊಂಡ ರೀತಿ ಮಾತ್ರ ಬೇರೆ. ಆ ವ್ಯತ್ಯಾಸದಿಂದ ಒಂದು ಅನ್ನವಾಗುತ್ತದೆ, ಇನ್ನೊಂದು ಹಲಗೆಯಾಗುತ್ತದೆ. ರೂಮೆನ್ನಿನ ಆಮ್ಲಜನಕವಿಲ್ಲದ ಕತ್ತಲಲ್ಲಿ, ಸುಮಾರು 39 ಡಿಗ್ರಿ ಕಾವಿನಲ್ಲಿ, ಫೈಬ್ರೋಬ್ಯಾಕ್ಟರ್ ಸಕ್ಸಿನೋಜೀನ್ಸ್, ರೂಮಿನೋಕಾಕಸ್ ಆಲ್ಬಸ್‌ನಂಥ ಜೀವಿಗಳು ನಾರಿಗೆ ಕಚ್ಚಿಕೊಂಡು ಈ ಕೊಂಡಿಗಳನ್ನು ಕಳಚುತ್ತವೆ. ಹೊರಬರುವ ಸಕ್ಕರೆಯನ್ನು ಅವೂ ಅವುಗಳ ನೆರೆಹೊರೆಯೂ ಹುದುಗಿಸಿ ಹುಳಿ ಆಮ್ಲಗಳನ್ನಾಗಿ ಮಾಡುತ್ತವೆ. ದನ ಹೀರಿಕೊಳ್ಳುವುದು ಆ ಆಮ್ಲಗಳನ್ನು. ಉಳಿದ ಹೈಡ್ರೋಜನ್ ಇನ್ನೊಂದು ಗುಂಪಿನ ಕೈಗೆ ಸಿಕ್ಕಿ ಮಿಥೇನಾಗಿ ತೇಗಿನಲ್ಲಿ ಹೋಗುತ್ತದೆ.

ಹಳ್ಳದ ಕೆಸರಿನಲ್ಲೂ ನಡೆದದ್ದು ಇದೇ, ಇನ್ನಷ್ಟು ನಿಧಾನವಾಗಿ. ಗುಳ್ಳೆಯೆಲ್ಲ ಹುಲ್ಲಿನದೇ ಎಂದರೆ ಉತ್ಪ್ರೇಕ್ಷೆಯಾದೀತು. ರಕ್ತ, ಕೊಬ್ಬು, ಕರುಳು, ಕೂದಲು ಎಲ್ಲವೂ ಅಲ್ಲಿ ಬಿದ್ದಿದ್ದವು. 1906ರಲ್ಲಿ ಬಂದ ‘ದಿ ಜಂಗಲ್’ ಕಾದಂಬರಿಯಲ್ಲಿ ಅಪ್ಟನ್ ಸಿಂಕ್ಲೇರ್ ಈ ಹಳ್ಳವನ್ನು ಚಿತ್ರಿಸಿದ್ದಾನೆ. ಹೆಪ್ಪುಗಟ್ಟಿದ ಜಿಡ್ಡಿನ ಮೇಲೆ ಕೋಳಿಗಳು ಓಡಾಡುತ್ತವೆ, ಆಗಾಗ ಹಳ್ಳಕ್ಕೇ ಬೆಂಕಿ ಹತ್ತುತ್ತದೆ. ಓದಿದವರು ಮೂಗು ಮುಚ್ಚಿಕೊಂಡರು. ಆ ಬೆಂಕಿ ಒಂದು ಇಂಧನ ಎಂದು ಯೋಚಿಸಲು ಊರಿಗೆ ಪುರಸೊತ್ತಿರಲಿಲ್ಲ.

ಊರಿಗೆ ಬೇಕಿದ್ದದ್ದು ಕೊಳೆಯನ್ನು ದೂರ ಮಾಡುವುದು. ಕುಡಿಯುವ ನೀರು ಬರುತ್ತಿದ್ದುದು ಮಿಷಿಗನ್ ಸರೋವರದಿಂದ. ಹೊಲಸು ಹೊತ್ತ ನದಿ ಸೇರುತ್ತಿದ್ದುದೂ ಅದನ್ನೇ. 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1900ರ ಜನವರಿ 2ರಂದು ನದಿಯನ್ನೇ ಹಿಮ್ಮುಖ ಹರಿಸಿದರು. ಕೆಳಗಿನ ಮಿಸೌರಿ ರಾಜ್ಯ ನಮ್ಮ ನೀರಿಗೆ ವಿಷಮಶೀತಜ್ವರ ಕಳಿಸುತ್ತಿದ್ದೀರಿ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು, 1906ರಲ್ಲಿ ಸೋತಿತು. ಆದರೂ ನೀರು ಬೆರೆಸಿ ಸಾಗಹಾಕುವ ಉಪಾಯ ಬೆಳೆಯುವ ಊರಿಗೆ ಎಷ್ಟು ದಿನ ಸಾಕಾದೀತು? 1930ರಲ್ಲಿ ಪಶ್ಚಿಮದ ಅಂಚಿನ ಸ್ಟಿಕ್ನಿಯಲ್ಲಿ ಇಮ್ಹಾಫ್ ತೊಟ್ಟಿಗಳು ಎದ್ದವು. ಮೇಲಿನ ಅಂಕಣದಲ್ಲಿ ಕೊಳಚೆ ತಿಳಿಯಾಗುತ್ತದೆ, ಕೆಳಗಿನದರಲ್ಲಿ ಕೆಸರು ಗಾಳಿಯಿಲ್ಲದೆ ಕೊಳೆಯುತ್ತದೆ. 1939ರಲ್ಲಿ ಪಕ್ಕದಲ್ಲೇ ಇನ್ನೊಂದು ಸ್ಥಾವರ ಸೇರಿಕೊಂಡಿತು. ಜಗತ್ತಿನ ಅತಿ ದೊಡ್ಡ ಕೊಳಚೆ ಸಂಸ್ಕರಣಾ ಘಟಕಗಳಲ್ಲಿ ಒಂದಾದ ಸ್ಟಿಕ್ನಿ ಇಂದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಕೊಳಚೆಗೆ ದಾರಿ. ಅಮೆರಿಕದ ಬಚ್ಚಲು ನೀರಿನಲ್ಲಿ ಟಾಯ್ಲೆಟ್ ಪೇಪರ್ ಧಾರಾಳ. ಅದು ಬಹುಪಾಲು ಅಪ್ಪಟ ಸೆಲ್ಯುಲೋಸ್. ಮುಚ್ಚಿದ ಡೈಜೆಸ್ಟರುಗಳಲ್ಲಿ ಎರಡು-ಮೂರು ವಾರ ಬೆಚ್ಚಗೆ ಕೂತ ಕೆಸರಿನಲ್ಲಿ ಅದೂ ಅನಿಲವಾಗುತ್ತದೆ.

ಅನಿಲವನ್ನು ಲೆಕ್ಕ ಹಾಕಿ ನೋಡಿದವನು ಆರ್ಥರ್ ಬಸ್ವೆಲ್. ಷಿಕಾಗೊದಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರ್ ದಾಟಿದರೆ ಸಿಗುವ ಅರ್ಬಾನಾದಲ್ಲಿ, 1920ರಿಂದ ಇಲಿನಾಯ್ ರಾಜ್ಯ ಜಲ ಸಮೀಕ್ಷೆಯ ಮುಖ್ಯಸ್ಥನಾಗಿದ್ದವನು. ಕೊಳಚೆ ತೊಟ್ಟಿಯ ಬ್ಯಾಕ್ಟೀರಿಯಾಗಳ ಮುಂದೆ 1929ರ ಸುಮಾರಿಗೆ ಅವನೂ ಸಹೋದ್ಯೋಗಿ ಬೋರಫ್ ಕೂಡ ಮುಸುಕಿನ ಜೋಳದ ದಂಟು ಇಟ್ಟರು. ಇಲಿನಾಯ್ ಹೊಲಗಳಲ್ಲಿ ದಂಟಿಗೆ ಬರವೇ? ಕೊಯ್ಲಾದ ಮೇಲೆ ಎಲ್ಲಿ ನೋಡಿದರೂ ಅದೇ. ದಂಟು ಕೊಳೆತು ಅನಿಲ ಬಂತು. ಯಾವ ವಸ್ತುವಿನಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಎಷ್ಟಿದ್ದರೆ ಎಷ್ಟು ಮಿಥೇನ್ ಬರುತ್ತದೆ ಎಂದು ಹೇಳುವ ಸೂತ್ರವನ್ನು ಬಸ್ವೆಲ್ 1933ರಲ್ಲಿ ಸೈಮನ್ಸ್ ಜೊತೆ ಪ್ರಕಟಿಸಿದ. ಪರಿಸರ ಎಂಜಿನಿಯರಿಂಗ್ ಓದುವ ಹುಡುಗರು ಇವತ್ತಿಗೂ ಅದನ್ನು ಬಸ್ವೆಲ್ ಸಮೀಕರಣವೆಂದೇ ಕಲಿಯುತ್ತಾರೆ. ಆದರೆ ದಂಟಿನ ಗ್ಯಾಸಿನಿಂದ ಊರು ಬೆಳಗಲಿಲ್ಲ. ನಾರಿನ ಚೂರು ತೊಟ್ಟಿಯಲ್ಲಿ ಮೇಲೆ ತೇಲಿ ಹೆಪ್ಪುಗಟ್ಟುವ ತಾಪತ್ರಯ ಇಂಥ ಎಲ್ಲ ಘಟಕಗಳಿಗೂ ಇದ್ದದ್ದೇ. ಎದುರಿಗೆ ಅಗ್ಗದ ಕಲ್ಲಿದ್ದಲೂ ಇತ್ತು.

ನಮ್ಮ ಕಡೆ ಇದೇ ಜೀವಿಗಳಿಗೆ ಹೆಚ್ಚು ಗೌರವ ಸಿಕ್ಕಿದೆ ಎನ್ನಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿಯವರ ತಂಡ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಗ್ಯಾಸ್ ಮಾಡಿತು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಬಂತು. ಅಲ್ಲಿ ಹುಲ್ಲು ಅರೆಯುವ ಕೆಲಸ ದನದ್ದೇ ಆಗಿತ್ತು. ಎಂಜಿನಿಯರುಗಳಿಗೆ ಅಷ್ಟು ಶ್ರಮ ಉಳಿಯಿತು.

ಅರ್ಬಾನಾದಿಂದ ಇನ್ನೊಂದು ವಿಷಯ ಬಂತು, ಅದು ಈ ಕತೆಗೆ ಹೆಚ್ಚು ಮುಖ್ಯ. ಮದ್ಯಸಾರದಿಂದ ಮಿಥೇನ್ ಮಾಡುವ ಒಂದು ಬ್ಯಾಕ್ಟೀರಿಯಾಕ್ಕೆ, ಸೆಲ್ಯುಲೋಸ್ ಹುದುಗುವಿಕೆಯನ್ನು ಮೊದಲಿಗೆ ಆಳವಾಗಿ ನೋಡಿದ ರಷ್ಯದ ಓಮೆಲ್ಯಾನ್ಸ್ಕಿಯ ಹೆಸರು ಇಟ್ಟಿದ್ದರು. ದಶಕಗಳ ಕಾಲ ಪ್ರಯೋಗಾಲಯಗಳು ಅದನ್ನು ಶುದ್ಧ ತಳಿ ಎಂದೇ ಸಾಕಿದ್ದವು. ಇಲಿನಾಯ್ ವಿಶ್ವವಿದ್ಯಾಲಯದ ಮಾರ್ವಿನ್ ಬ್ರಯಂಟ್, ರಾಲ್ಫ್ ವುಲ್ಫ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದ್ದು: ಅದು ಒಂದಲ್ಲ, ಎರಡು. ಒಂದು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಅದನ್ನು ತಕ್ಷಣ ಮುಗಿಸುತ್ತದೆ. ಮುಗಿಸದಿದ್ದರೆ ಮೊದಲನೆಯದರ ಕೆಲಸ ನಿಂತೇ ಹೋಗುತ್ತದೆ. ಬ್ರಯಂಟ್ ಜೀವನವೆಲ್ಲ ರೂಮೆನ್ನಿನ ಜೀವಿಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಬೆಳೆಸಿದವನು. ಇವುಗಳಲ್ಲಿ ಕೆಲವಕ್ಕೆ ಒಂಟಿಯಾಗಿ ಕೆಲಸ ಸಾಗುವುದಿಲ್ಲ ಎನ್ನುವುದು ಅವನ ಕೈಯಲ್ಲೇ ಸಾಬೀತಾದದ್ದು ತಮಾಷೆಯೇ ಸರಿ.

ಈಗ ಕಾರುಗಳ ಊರು ಡೆಟ್ರಾಯ್ಟ್. ಅಲ್ಲಿಯವರಿಗೆ ಬೇಕಿದ್ದದ್ದು ಅನಿಲವಲ್ಲ, ಟ್ಯಾಂಕಿಗೆ ಸುರಿಯಬಲ್ಲ ದ್ರವ. ಹೆನ್ರಿ ಫೋರ್ಡ್ 1925ರಲ್ಲಿ, ಅದೂ ಮದ್ಯನಿಷೇಧದ ಕಾಲದಲ್ಲಿ, ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದ: ಮುಂದಿನ ಇಂಧನ ರಸ್ತೆಬದಿಯ ಗಿಡ, ಸೇಬು, ಕಳೆ, ಮರದ ಹೊಟ್ಟಿನಿಂದ ಬರುತ್ತದೆ, ಹುದುಗುವ ಯಾವ ಸಸ್ಯವಾದರೂ ಆದೀತು. 1935ರ ಮೇ ತಿಂಗಳಲ್ಲಿ ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನಿನಲ್ಲಿ ರೈತರು, ಕಾರ್ಖಾನೆ ಮಾಲೀಕರು, ವಿಜ್ಞಾನಿಗಳು ಅವನ ಆತಿಥ್ಯದಲ್ಲಿ ಸೇರಿ, ಹೊಲದ ಬೆಳೆ ಕಾರ್ಖಾನೆಯ ಕಚ್ಚಾವಸ್ತುವಾಗಬೇಕೆಂದು ಘೋಷಿಸಿದರು. 1941ರ ಆಗಸ್ಟಿನಲ್ಲಿ ಸೋಯಾ ಪ್ಲಾಸ್ಟಿಕ್ಕಿನ ಕಾರು ಪ್ರದರ್ಶನಕ್ಕೆ ಬಂತು. ಆದರೆ ಫೋರ್ಡ್ ತನ್ನ ಸ್ವಂತ ಮರದ ಚೂರನ್ನು ಬ್ಯಾಕ್ಟೀರಿಯಾಕ್ಕೆ ಕೊಡಲಿಲ್ಲ. ಮಿಷಿಗನ್ನಿನ ಉತ್ತರ ಭಾಗದ ಐರನ್ ಮೌಂಟನ್ನಿನಲ್ಲಿ ಕಾರಿನ ಮೈಗೆ ಮರ ಕೊಯ್ದು ಉಳಿದ ಚಕ್ಕೆಯನ್ನು ಸುಟ್ಟು ಇದ್ದಿಲ ಇಟ್ಟಿಗೆ ಮಾಡಿ ಮಾರಿದ. ಆ ಇದ್ದಿಲೇ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರಿನಲ್ಲಿ ಅಮೆರಿಕದ ಹಿತ್ತಲ ಒಲೆಗಳಿಗೆಲ್ಲ ತಲುಪಿತು. ಬ್ಯಾಕ್ಟೀರಿಯಾಕ್ಕೆ ವಾರಗಳು ಬೇಕು, ಬೆಂಕಿಗೆ ಗಂಟೆಗಳು ಸಾಕು.

ಎಂಬತ್ತು ವರ್ಷಗಳ ಮೇಲೆ ಇದೇ ಲೆಕ್ಕ ಮತ್ತೆ ಬಂತು. 2007ರ ಡಿಸೆಂಬರಿನ ಅಮೆರಿಕದ ಕಾನೂನು, 2022ರ ಹೊತ್ತಿಗೆ ವರ್ಷಕ್ಕೆ 1600 ಕೋಟಿ ಗ್ಯಾಲನ್ ಸೆಲ್ಯುಲೋಸ್ ಮೂಲದ ಇಂಧನ ಬೇಕೆಂದಿತು. ತಿಂಗಳೊಳಗೆ ಡೆಟ್ರಾಯ್ಟ್ ವಾಹನ ಪ್ರದರ್ಶನದಲ್ಲಿ ಜನರಲ್ ಮೋಟರ್ಸ್ (ಜಿಎಂ) ಮುಖ್ಯಸ್ಥ ರಿಕ್ ವ್ಯಾಗನರ್, ಷಿಕಾಗೊ ಹೊರವಲಯದ ವಾರನ್‌ವಿಲ್‌ನ ಕೊಸ್ಕಾಟಾ ಕಂಪನಿಯ ಜೊತೆ ಕೈಜೋಡಿಸಿರುವುದಾಗಿ ಸಾರಿದ. ಮರದ ಚಕ್ಕೆ, ಊರ ಕಸ, ಹಳೆ ಟಯರು ಏನನ್ನೇ ಕೊಡಿ, ಗ್ಯಾಲನ್ನಿಗೆ ಒಂದು ಡಾಲರಿಗೂ ಕಡಿಮೆ ಖರ್ಚಿನಲ್ಲಿ ಎಥನಾಲ್ ಎಂಬುದು ಭರವಸೆ. ಷಿಕಾಗೊ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಕೊಸ್ಕಾಟಾದ ಪ್ರಕ್ರಿಯೆಯನ್ನು ತೂಗಿ, ಹಾಕಿದ ಶಕ್ತಿಯ 7.7 ಪಟ್ಟಿನವರೆಗೆ ಬರಬಹುದೆಂದಿತ್ತು. ಕೊಸ್ಕಾಟಾದ ಬ್ಯಾಕ್ಟೀರಿಯಾಗಳು ಸೆಲ್ಯುಲೋಸನ್ನು ಮುಟ್ಟುತ್ತಲೇ ಇರಲಿಲ್ಲ. ಚಕ್ಕೆಯನ್ನು ವಿಪರೀತ ಕಾವಿನಲ್ಲಿ ಅನಿಲ ಮಾಡಿ, ಆ ಅನಿಲ ತಿಂದು ಎಥನಾಲ್ ಬಿಡುವ ಕ್ಲಾಸ್ಟ್ರಿಡಿಯಮ್‌ಗಳಿಗೆ ಅವರು ಉಣಿಸುತ್ತಿದ್ದರು. ಕಷ್ಟದ ಕೆಲಸವನ್ನು ಇಲ್ಲೂ ಬೆಂಕಿಗೇ ಒಪ್ಪಿಸಿದ್ದರು.

ಕಷ್ಟದ ದಾರಿಯನ್ನೇ ಹಿಡಿದದ್ದು ಕೊಸ್ಕಾಟಾ ಒಪ್ಪಂದದ ವರ್ಷವೇ ಜಿಎಂ ಹಣ ಹೂಡಿದ ಇನ್ನೊಂದು ಕಂಪನಿ, ಮಾಸ್ಕೋಮಾ. ಅದರ ಕನಸಿನ ಮೂಲ ಕ್ಲಾಸ್ಟ್ರಿಡಿಯಮ್ ಥರ್ಮೋಸೆಲ್ಲಮ್: ಮಿಷಿಗನ್ ಸರೋವರದ ಆಚೆ ದಡದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1926ರಲ್ಲಿ ವಿವರಿಸಿದ, 60 ಡಿಗ್ರಿಯ ಬಿಸಿ ತಿಪ್ಪೆಯಂಥ ಜಾಗ ಬಯಸುವ ಜೀವಿ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ ನಾರಿನ ಮೇಲೆ ಹೂಡುವ ಅದರ ಯಂತ್ರಕ್ಕೆ ‘ಸೆಲ್ಯುಲೋಸೋಮ್’ ಎಂದು 1983ರಲ್ಲಿ ಹೆಸರಿಟ್ಟವರು ಇಸ್ರೇಲಿನ ಬೇಯರ್ ಮತ್ತು ಲಾಮೆಡ್. ಒಡೆಯುವುದೂ ಹುದುಗಿಸುವುದೂ ಒಂದೇ ತೊಟ್ಟಿಯಲ್ಲಿ ಆಗಲಿ ಎಂಬ ಆಸೆಯಿಂದ, ಡೆಟ್ರಾಯ್ಟಿನಿಂದ ಐನೂರು ಕಿಲೋಮೀಟರ್ ಉತ್ತರಕ್ಕಿರುವ ಕಿನ್‌ರಾಸ್‌ನಲ್ಲಿ ಮಾಸ್ಕೋಮಾದವರು ಕಾಡುಮರದ ಎಥನಾಲ್ ಸ್ಥಾವರ ಯೋಜಿಸಿದರು.

ಸ್ಥಾವರ ಏಳಲೇ ಇಲ್ಲ. 2009ರ ಮಾರ್ಚಿನಲ್ಲಿ ವ್ಯಾಗನರ್ ಹುದ್ದೆ ಬಿಟ್ಟ. ಜೂನ್ 1ಕ್ಕೆ ಜಿಎಂ ದಿವಾಳಿ ಅರ್ಜಿ ಹಾಕಿತು. ಕೊಸ್ಕಾಟಾ ಅದೇ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪ್ರಾಯೋಗಿಕ ಘಟಕ ತೆರೆದು, ಮುಂದೆ ಮರ ಬಿಟ್ಟು ನೈಸರ್ಗಿಕ ಅನಿಲದತ್ತ ಹೊರಳಿ, ಕಡೆಗೆ ಬಾಗಿಲು ಹಾಕಿತು. ಕಾನೂನು 2010ಕ್ಕೆ ಕೇಳಿದ್ದು 10 ಕೋಟಿ ಗ್ಯಾಲನ್. ಸರ್ಕಾರ ತಾನೇ ಅದನ್ನು 65 ಲಕ್ಷಕ್ಕೆ ಇಳಿಸಬೇಕಾಯಿತು. ಇಲಿನಾಯ್ ನೆರೆಯ ಅಯೋವಾದಲ್ಲಿ 2015ರಲ್ಲಿ ಮುಸುಕಿನ ಜೋಳದ ದಂಟಿಗಾಗಿ ಡುಪಾಂಟ್ ತೆರೆದ ದೈತ್ಯ ಸ್ಥಾವರದ ಆಯುಸ್ಸು ಎರಡೇ ವರ್ಷ.

ಬ್ಯಾಂಕು, ಕಚ್ಚಾತೈಲದ ಬೆಲೆ, ಕಾನೂನು ಎಲ್ಲವನ್ನೂ ದೂರಬಹುದು. ಆದರೆ ಎಂಜಿನಿಯರುಗಳು ಬ್ಯಾಕ್ಟೀರಿಯಾದಿಂದ ಕೇಳಿದ್ದನ್ನೂ ಒಮ್ಮೆ ನೋಡಬೇಕು. ಗಿಡದಲ್ಲಿ ಸೆಲ್ಯುಲೋಸ್ ಒಂಟಿಯಾಗಿಲ್ಲ. ಲಿಗ್ನಿನ್ ಅದರ ಸುತ್ತ ಗಾರೆಯಂತೆ ಮೆತ್ತಿಕೊಂಡಿರುತ್ತದೆ. ದನ ಅದನ್ನು ಜಗಿದು, ಮತ್ತೆ ಬಾಯಿಗೆ ತಂದು ಜಗಿದು, ಒಂದೆರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಬಂದ ಆಮ್ಲವನ್ನು ಹಾಗೇ ಹೀರುತ್ತದೆ. ಜೀರ್ಣವಾಗದ್ದನ್ನು ಸಗಣಿಯಾಗಿ ಬಿಡುತ್ತದೆ. ಕಾರ್ಖಾನೆ ಕೇಳಿದ್ದು ಬೇರೆ: ನೂರಾರು ಜಾತಿಗಳ ಗುಂಪಿನಿಂದ ಒಂದನ್ನು ಹೆಕ್ಕಿ ತಂದು, ಅದೊಂದೇ ಎಲ್ಲವನ್ನೂ ಮಾಡಲಿ, ಆಮ್ಲದ ಬದಲು ಎಥನಾಲ್ ಬಿಡಲಿ, ಆ ಎಥನಾಲ್ ಗಾಢವಾದರೂ ಸಾಯದಿರಲಿ, ಅದೂ ಪೆಟ್ರೋಲಿಗಿಂತ ಅಗ್ಗವಾಗಿ. ಈಸ್ಟ್ ಲ್ಯಾನ್ಸಿಂಗಿನ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಡೇಲ್ ಒತ್ತಡದ ಅಮೋನಿಯಾದಿಂದ ದಂಟನ್ನು ಸಡಿಲಿಸುವ ಕ್ರಮ ಬೆಳೆಸಿದ್ದು ಎಥನಾಲ್ ಕನಸಿನೊಂದಿಗೇ. ಎಥನಾಲ್ ಮಾರುಕಟ್ಟೆ ಕುಂಟಿದಾಗ, ಹಾಗೆ ಹದ ಮಾಡಿದ ದಂಟಿನ ಗುಳಿಗೆಯನ್ನು ದನದ ಮೇವಾಗಿಯೂ ಪರೀಕ್ಷಿಸಲಾಯಿತು.

ವಾಹನ ಓಡಿದ್ದು ಇನ್ನೊಂದು ಕಡೆ. ಷಿಕಾಗೊದಿಂದ ಹೆದ್ದಾರಿ 65ರಲ್ಲಿ ದಕ್ಷಿಣಕ್ಕೆ ಹೋದರೆ ಇಂಡಿಯಾನಾದ ಫೇರ್ ಓಕ್ಸ್ ಎಂಬ ಭಾರಿ ಹೈನು ಕೇಂದ್ರ ಸಿಗುತ್ತದೆ. ಸಾವಿರಾರು ಹಸುಗಳ ಸಗಣಿ ಅಲ್ಲಿ ಡೈಜೆಸ್ಟರಿಗೆ ಹೋಗುತ್ತದೆ. ಯಾವ ಬ್ಯಾಕ್ಟೀರಿಯಾ ಏನು ಮಾಡಬೇಕೆಂದು ಯಾರೂ ತಾಕೀತು ಮಾಡುವುದಿಲ್ಲ. ಬಂದ ಅನಿಲದಿಂದ ಇಂಗಾಲದ ಡೈಆಕ್ಸೈಡ್, ಗಂಧಕ ತೆಗೆದು, ಒತ್ತಿ ಸಿಎನ್‌ಜಿ ಮಾಡುತ್ತಾರೆ. 2010ರ ದಶಕದ ಆರಂಭದಿಂದ ಆ ಹೈನು ಕೇಂದ್ರದ ಹಾಲನ್ನು ಡೇರಿಗಳಿಗೆ ಸಾಗಿಸುವ ಟ್ಯಾಂಕರುಗಳು ಓಡತೊಡಗಿದ್ದು ಆ ಸಿಎನ್‌ಜಿಯ ಮೇಲೆ.