ಲೋಳೆಮೀನಿಗೆ ಮಡದಿಯ ಹೆಸರಿಟ್ಟವನು

ಕಾಸರಗೋಡಿನ ಕಡಲ ಕರೆಯಲ್ಲಿ ಬಲೆ ಎಳೆಯುವಾಗ ಮೀನಿನೊಂದಿಗೆ ಲೋಳೆಮೀನೂ ಬರುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಮಲಯಾಳದಲ್ಲಿ ಇದು ಕಡಲ್‌ಚೊರಿ. ಚೊರಿ ಎಂದರೆ ತುರಿಕೆ. ಮುಟ್ಟಿದವನಿಗೆ ಬೇರೆ ಅರ್ಥ ಹೇಳಬೇಕಾಗಿಲ್ಲ. ನೀರಿನಲ್ಲಿ ಕೊಡೆಯಂತೆ ಅರಳಿ ಮುಚ್ಚುವ ಈ ಜೀವಿ ಮರಳಿಗೆ ಬಿತ್ತೋ, ಚೆಲ್ಲಿದ ಗಂಜಿಯಂತಾಗುತ್ತದೆ. ಮೈಯ ನೂರರಲ್ಲಿ ಸುಮಾರು 95 ಪಾಲು ನೀರೇ. ಸ್ಪಿರಿಟ್ಟಿನಲ್ಲಿ ಹಾಕಿಟ್ಟರೂ ಮುದುಡಿ ಬಣ್ಣ ಕಳೆದುಕೊಳ್ಳುತ್ತದೆ. ನೀರೊಳಗೆ ಇಳಿಯುವ ಕ್ಯಾಮರಾ ಇಲ್ಲದ ಕಾಲದಲ್ಲಿ ಇದರ ರೂಪವನ್ನು ಉಳಿಸಲು ಕೈಯಿಂದ ಬರೆದ ಚಿತ್ರವೇ ಗತಿ.

ಹಾಗೆ ಬರೆದವರಲ್ಲಿ ಹೆಸರಾದವನು ಜರ್ಮನಿಯ ಅರ್ನ್ಸ್ಟ್ ಹೆಕೆಲ್. ಯೇನಾ ಊರಿನಲ್ಲಿ ಪ್ರಾಧ್ಯಾಪಕ. 1862ರಲ್ಲಿ ಆನ್ನಾ ಸೇತೆ ಎಂಬಾಕೆಯನ್ನು ಮದುವೆಯಾದ. 1864ರ ಫೆಬ್ರವರಿ 16, ಆತನಿಗೆ ಮೂವತ್ತು ತುಂಬಿದ ದಿನ, ಆಕೆ ತೀರಿಕೊಂಡಳು. ದುಃಖ ತಾಳಲಾರದೆ ಫ್ರಾನ್ಸಿನ ನೀಸ್ ಕಡಲತೀರಕ್ಕೆ ಹೋದ. ಅಲ್ಲಿ ನೀರಲ್ಲಿ ತೇಲುತ್ತಿದ್ದ ಚಿಕ್ಕ ಲೋಳೆಮೀನೊಂದರ ಎಳೆಗಳು ಆನ್ನಾಳ ಹೊಂಬಣ್ಣದ ಕೂದಲಿನಂತೆ ಕಂಡವು. ಅದಕ್ಕೆ ಮಿಟ್ರೊಕೋಮಾ ಆನ್ನೇ ಎಂದು ಹೆಸರಿಟ್ಟ.

1879ರಲ್ಲಿ ಆತ ಲೋಳೆಮೀನುಗಳ ಮೇಲೆ ದೊಡ್ಡ ಗ್ರಂಥ ತಂದ. ಜೊತೆಗೆ 40 ಚಿತ್ರಫಲಕಗಳು. ಇಂಥ ಚಿತ್ರವನ್ನು ನೋಡುವ ಕ್ರಮ ಹೇಳುತ್ತೇನೆ. ಕೊಡೆಯನ್ನು ಅಡಿಯಿಂದ ನೋಡಿದಂತೆ ಬರೆದಿರುತ್ತದೆ. ನಡುವೆ ಬಾಯಿ, ಉಂಡದ್ದು ಒಳಗೆ ಹೋಗುವುದೂ ಮಿಕ್ಕದ್ದು ಹೊರಬರುವುದೂ ಆ ಒಂದೇ ಬಾಗಿಲಿನಿಂದ. ಅದರ ಮೇಲೆ ಹೊಟ್ಟೆ. ಅಲ್ಲಿಂದ ಅಂಚಿನವರೆಗೆ ಗದ್ದೆಗೆ ನೀರು ಹಾಯಿಸುವ ತೋಡಿನಂತೆ ಕಾಲುವೆಗಳು. ಹಲವು ಜಾತಿಗಳಲ್ಲಿ ನಾಲ್ಕು ಕಡೆ ಕುದುರೆಲಾಳದಾಕಾರದ ಸಂತಾನದ ಅಂಗ. ಅಂಚಿನಲ್ಲಿ ಮೇಲು ಕೆಳಗು ತಿಳಿಸುವ ಸಣ್ಣ ಇಂದ್ರಿಯಗಳು. ಹೃದಯವಿಲ್ಲ, ಮಿದುಳಿಲ್ಲ, ನರಗಳದ್ದೊಂದು ಬಲೆ, ಅಷ್ಟೆ.

1899ರಿಂದ 1904ರವರೆಗೆ ಕಂತುಕಂತಾಗಿ ಬಂದ ನೂರು ಫಲಕಗಳ ಪುಸ್ತಕ ಇನ್ನೂ ಪ್ರಸಿದ್ಧ. ಹೆಕೆಲ್ ಬರೆದದ್ದನ್ನು ಕಲ್ಲಚ್ಚಿಗೆ ಇಳಿಸಿದವನು ಆಡಾಲ್ಫ್ ಗಿಲ್ಚ್. ಎಡದ್ದು ಬಲಕ್ಕೆ ಬರುವಂತೆ ಕಲ್ಲಿನ ಮೇಲೆ ತಿರುವಿ ಬರೆಯುವ ಕಸುಬು ಅದು. ಆತನನ್ನು ನೆನೆಯುವವರು ಕಡಿಮೆ. 8ನೆಯ ಫಲಕದ ನಡುವೆ ಇರುವುದು ಡೆಸ್ಮೊನೇಮಾ ಆನ್ನಾಸೇತೆ. ನೋಡಿ, ಮತ್ತೆ ಅದೇ ಹೆಸರು! 1867ರಲ್ಲೇ ಆಗ್ನೆಸ್ ಎಂಬಾಕೆಯನ್ನು ಆತ ಮದುವೆಯಾಗಿದ್ದ. ಆಕೆ ಈ ಫಲಕ ನೋಡಿ ಏನೆಂದುಕೊಂಡಳೋ.

ಚಿತ್ರ ಚಂದವೇನೋ ಹೌದು, ನಂಬುವುದೆಷ್ಟು? ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಹಿ ತಾಳೆ ನೋಡಿದವನು ನಾನು. ಒಬ್ಬನದೇ ಎರಡು ಸಹಿ ಗೆರೆಗೆ ಗೆರೆ ಕೂಡಿದರೆ ನಮಗೆ ಅನುಮಾನವೇ ಹೆಚ್ಚು. ಹೆಕೆಲನ ಎಳೆಗಳು ಎಡಬಲಕ್ಕೆ ಅಳೆದಂತೆ ಸುರುಳಿ ಸುತ್ತಿವೆ. ಕಡಲಿನಲ್ಲಿ ಯಾವ ಲೋಳೆಮೀನೂ ಹಾಗೆ ನಿಂತು ಕೊಡುವುದಿಲ್ಲ. 1868ರ ಪುಸ್ತಕದಲ್ಲಿ ನಾಯಿ, ಕೋಳಿ, ಆಮೆಗಳ ಭ್ರೂಣವೆಂದು ಆತ ಒಂದೇ ಅಚ್ಚನ್ನು ಮೂರು ಸಲ ಒತ್ತಿಸಿದ್ದನ್ನು ರುಟಿಮೈಯರ್ ಎಂಬ ವಿದ್ವಾಂಸ ಬಯಲಿಗೆಳೆದಿದ್ದ. ಮುಂದಿನ ಮುದ್ರಣದಲ್ಲಿ ತಿದ್ದಿಕೊಂಡರೂ ಆ ಮಾತು ಹೆಕೆಲನನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಬಾಯಿ, ಹೊಟ್ಟೆ, ಕಾಲುವೆಗಳ ಲೆಕ್ಕ ಕಲಿಯಲು ಈ ಫಲಕಗಳು ಒಳ್ಳೆಯವೇ ಎಂಬುದು ನನ್ನ ಎಣಿಕೆ.

ಯೇನಾದಲ್ಲಿ ಕಟ್ಟಿಸಿದ ಮನೆಗೂ ಆತ ಲೋಳೆಮೀನಿನದೇ ಹೆಸರಿಟ್ಟ, ವಿಲ್ಲಾ ಮೆಡುಸಾ ಎಂದು. 1919ರಲ್ಲಿ ಅಲ್ಲಿಯೇ ತೀರಿಕೊಂಡ.