ಹಂಪಿಯ ಪಾಯವೂ ಭೂಕಂಪದ ಲೆಕ್ಕವೂ

ಹಂಪಿಯ ಹೇಮಕೂಟ ಗುಡ್ಡದ ಇಳಿಜಾರಿನಲ್ಲಿರುವ ಹಲವು ಗುಡಿಗಳಿಗೆ ಪಾಯ ಎಂಬುದು ಬೇರೆಯಾಗಿ ಕಾಣುವುದೇ ಇಲ್ಲ. ಹಾಸುಬಂಡೆಯ ಮೇಲೆಯೇ ಅಧಿಷ್ಠಾನದ ಕಲ್ಲುಗಳು ಕೂತಿವೆ, ಅವುಗಳ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಸುತ್ತಲಿನ ಬಂಡೆಗಳಲ್ಲಿ ಬೆಣೆ ಬಡಿದು ಸೀಳಿದ ತೂತುಗಳ ಸಾಲು ಇಂದಿಗೂ ಇದೆ. ಗುಡಿಯಾದದ್ದೂ ಅದನ್ನು ಹೊತ್ತದ್ದೂ ಸುಮಾರು 250 ಕೋಟಿ ವರ್ಷ ಹಳೆಯದಾದ ಅದೇ ಗ್ರಾನೈಟ್. ನಮ್ಮ ಹಳೆಯ ದೇವಾಲಯಗಳು ಭೂಕಂಪಕ್ಕೆ ಜಗ್ಗದ ಹಾಗೆ ಪಾಯದಲ್ಲಿ ಏನೋ ಗುಟ್ಟಿನ ತಂತ್ರವಿತ್ತು ಎಂದು ಹೇಳುವುದು ಈಗ ರೂಢಿಯಾಗಿದೆ. ತೆಲಂಗಾಣದ ಪಾಲಂಪೇಟೆಯ ರಾಮಪ್ಪ ಗುಡಿಯ ಕೆಳಗೆ ಮರಳು ತುಂಬಿದ ಪಾಯವಿರುವುದು ನಿಜ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಅದರ ಮಾತು ಬಹಳ ಕೇಳಿಬಂತು. ಆದರೆ ಆ ವಿವರಣೆಯನ್ನು ಹಂಪಿಗೆ ಹೊಂದಿಸಲಾಗದು. 1336ರಿಂದ ಇಲ್ಲಿ ಕಟ್ಟುತ್ತ ಬಂದವರ ಜಾಣತನವೆಲ್ಲ ನೆಲದ ಆಯ್ಕೆಯಲ್ಲಿತ್ತು ಎಂಬುದು ನನ್ನ ವಾದ.

ಈ ಆಯ್ಕೆಯ ಬೆಲೆ ತಿಳಿಯಬೇಕಾದರೆ ಬಂಡೆ ಆಳದಲ್ಲಿರುವ ಊರುಗಳಲ್ಲಿ ಏನಾಗುತ್ತದೆಂದು ನೋಡಬೇಕು. ಅಲ್ಲಿ ಮೆತ್ತನೆಯ ಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟುವಂತೆ ಪೈಲುಗಳನ್ನು ಇಳಿಸುತ್ತಾರೆ. ಕಟ್ಟಡದ ಭಾರ ಹೊರುವುದು ಪೈಲಿಗೆ ಕಷ್ಟವಲ್ಲ, ನೆಲ ಅಡ್ಡಕ್ಕೆ ಅಲುಗಿದಾಗ ಕಷ್ಟ. ಮಣ್ಣು ಚಲಿಸುತ್ತ ಪೈಲನ್ನೂ ಬಾಗಿಸುತ್ತದೆ; ಮೆತ್ತನೆಯ ಪದರ ಮುಗಿದು ಗಟ್ಟಿ ಪದರ ಶುರುವಾಗುವ ಕಡೆ ಆ ಬಾಗು ತೀರ ಹೆಚ್ಚು. ನೀರು ನಿಂತ ಸಡಿಲ ಮರಳಾದರೆ ಕಂಪನಕ್ಕೆ ಕಣಗಳ ಹಿಡಿತ ತಪ್ಪಿ, ಮರಳು ಸ್ವಲ್ಪ ಹೊತ್ತು ದ್ರವದಂತೆ ವರ್ತಿಸುತ್ತದೆ. ಆಗ ಪಕ್ಕದ ಆಸರೆ ಕಳೆದುಕೊಂಡ ಪೈಲು ನೀಳ ಕೋಲಿನ ಹಾಗೆ ಬಳುಕಬಹುದು. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ಶೋವಾ ಸೇತುವೆಯ ಅಂಕಣಗಳು ಹೊಳೆಗೆ ಕುಸಿದವು. ಅದು ಉಕ್ಕಿನ ಪೈಲುಗಳ ಮೇಲೆ ನಿಂತಿತ್ತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಗೋಪುರ ಕಟ್ಟಡ ವಾಲಿತು. ಅದರಡಿ 18 ಮೀಟರ್ ಉದ್ದದ 32 ಕಾಂಕ್ರೀಟ್ ಪೈಲುಗಳಿದ್ದವು, ಆದರೆ ಜೇಡಿಯನ್ನು ದಾಟಿದ ಅವುಗಳ ತುದಿ ನಿಂತದ್ದು ಮರಳಿನಲ್ಲಿ. ಪೈಲು ಎಷ್ಟು ಉದ್ದ ಎಂಬುದಕ್ಕಿಂತ ಅದು ಯಾವ ಯಾವ ಪದರ ದಾಟುತ್ತದೆ, ಕೊನೆಗೆ ಯಾವುದರಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. ಹೇಮಕೂಟದಲ್ಲಿ ದಾಟಬೇಕಾದ ಪದರವೇ ಇಲ್ಲ.

ಹಂಪಿಯಲ್ಲಿ ಪೈಲಿಗೆ ಹತ್ತಿರವಾದದ್ದು ಒಂದಿದೆ. ವಿಠ್ಠಲ ಗುಡಿಯ ಆಚೆ ತುಂಗಭದ್ರೆಯಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಆನೆಗೊಂದಿಯ ಕಡೆಗೆ ಹೋಗುತ್ತಿದ್ದ ಹಳೆಯ ಸೇತುವೆಯವು. ಮೇಲಿನ ಹಾಸು ಹೋಗಿದೆ, ಕಂಬಗಳಲ್ಲಿ ಎಷ್ಟೋ ಉಳಿದಿವೆ. ಶತಮಾನಗಳ ನೆರೆಯನ್ನು ಅವು ತಡೆದದ್ದಕ್ಕೆ ಆ ಬಂಡೆಗಲ್ಲಿನ ಹೊಳೆಪಾತ್ರವೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಹಂಪಿ ದೊಡ್ಡ ಭೂಕಂಪವನ್ನೇ ಕಂಡಿಲ್ಲ, ಪರೀಕ್ಷೆಗೆ ಕೂರದವರನ್ನು ಪಾಸಾದರೆನ್ನುವುದು ಹೇಗೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. 2002ರ ಭೂಕಂಪ ನಕ್ಷೆಯಲ್ಲಿ ಈ ಸೀಮೆ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿತ್ತು. ಆದರೂ 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯಲ್ಲೇ ನೆಲ ನಡುಗಿದ್ದು ದಾಖಲಾಗಿದೆ. ಗುಡ್ಡಗಳ ಮೇಲೆ ಒಂದರ ಮೇಲೊಂದು ಕೂತ ಉರುಟು ಬಂಡೆಗಳೂ ಸಾಕ್ಷಿಯಾಗಬಲ್ಲವು. ಅಮೆರಿಕದ ಭೂಕಂಪಶಾಸ್ತ್ರಜ್ಞ ಜೇಮ್ಸ್ ಬ್ರೂನ್, ಹೀಗೆ ತೂಕ ಹಿಡಿದು ನಿಂತ ಬಂಡೆಗಳಿಂದ ಒಂದು ಜಾಗ ಎಂಥ ಕಂಪನವನ್ನು ಕಂಡಿಲ್ಲವೆಂದು ಲೆಕ್ಕ ಹಾಕುವ ದಾರಿ ತೋರಿದರು. ಆದರೆ ಸುತ್ತಲ ಮಣ್ಣು ಸವೆದು ಬಂಡೆ ಹಾಗೆ ನಿಂತದ್ದು ಯಾವಾಗ ಎಂದು ಗೊತ್ತಾಗದೆ ಆ ಸಾಕ್ಷಿಗೆ ಪೂರ್ತಿ ಬೆಲೆ ಬಾರದು. ಇನ್ನೊಂದು ಆಕ್ಷೇಪ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದ್ದು. 1993ರ ಸೆಪ್ಟೆಂಬರ್ 30ರಂದು, ಸ್ಥಿರವೆಂದುಕೊಂಡಿದ್ದ ದಖ್ಖನ್ನಿನ ನೆಲದಲ್ಲೇ ಸಾವಿರಾರು ಜನ ಸತ್ತರು. ಅಲ್ಲಿ ಜನರನ್ನು ಕೊಂದದ್ದು ಹೆಚ್ಚಾಗಿ ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆಗಳು ಮತ್ತು ಭಾರವಾದ ಮಾಳಿಗೆಗಳು. ಹಾಗಾಗಿ ಬಂಡೆ ಪಾಯದ ಅಪಾಯವನ್ನು ಕಳೆಯುತ್ತದೆ, ಮೇಲಿನ ಕಟ್ಟಡದ ಅಪಾಯವನ್ನು ಕಳೆಯುವುದಿಲ್ಲ ಎಂದು ಒಪ್ಪಲೇಬೇಕು. ವಿರೂಪಾಕ್ಷನ ಸುಮಾರು 50 ಮೀಟರ್ ಎತ್ತರದ ಗೋಪುರದ ತಳ ಕಲ್ಲಿನದು, ಮೇಲಿನ ನೆಲೆಗಳು ಇಟ್ಟಿಗೆ ಗಾರೆಯವು. ನನ್ನ ಚಿಂತೆ ಆ ಮೇಲಿನ ನೆಲೆಗಳದು.

ಬಂಡೆ ಬಿಟ್ಟು ಮಣ್ಣಿಗೆ ಇಳಿದಾಗ ಅದೇ ಕಟ್ಟುಗರಿಗೆ ಸೋಲು ಎದುರಾಗಿದೆ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ಕೆರೆಯ ಏರಿ ಎರಡು ಮೂರು ಸಲ ಒಡೆಯಿತೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. 2024ರ ಮೇ ತಿಂಗಳಲ್ಲಿ ಮಳೆ ಸುರಿದ ಮೇಲೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಭೂಮಿ ಅಲುಗಿರಲಿಲ್ಲ, ನೀರೇ ಸಾಕಾಯಿತು. ಕಂಪ್ಲಿಯ ಕಡೆಗೆ ಹೋದರೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲನ್ನು ರೂಪಿಸಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಇಂದು ಏಳುತ್ತಿರುವ ಕಟ್ಟಡಗಳಿಗೆ ಹೇಮಕೂಟದ ಭಾಗ್ಯವಿಲ್ಲ. ಹಂಪಿಯನ್ನು ಕಾಪಾಡುವವರು ಮೊದಲು ಅಳೆಯಬೇಕಾದದ್ದೂ ಗುಡ್ಡದ ಗುಡಿಗಳನ್ನಲ್ಲ: ವಿರೂಪಾಕ್ಷ ಬೀದಿಯ ಮಂಟಪಗಳ ಕೆಳಗೆ ಎಷ್ಟು ಅಡಿ ಮಣ್ಣಿದೆ, ಮಳೆನೀರು ಅದರೊಳಗೆ ಎಲ್ಲಿ ಇಂಗುತ್ತದೆ, ಬಂಡೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು.