ಫ್ಯಾಸಿಸಂಗೆ ಅಧಿಕಾರ ಕೊಟ್ಟವರು ಯಾರು? ಒಂದು ಶತಮಾನದ ಉತ್ತರಗಳು

1922ರ ಅಕ್ಟೋಬರ್ 28ರಂದು ಕಪ್ಪಂಗಿಯ ಫ್ಯಾಸಿಸ್ಟ್ ಪಡೆಗಳು ರೋಮ್ ನಗರದತ್ತ ಹೊರಟಾಗ ಪ್ರಧಾನಿ ಲುಯಿಜಿ ಫಾಕ್ತಾ ಸೇನಾಡಳಿತದ ಆಜ್ಞೆಯನ್ನು ಸಿದ್ಧಪಡಿಸಿ ದೊರೆಯ ಮುಂದಿಟ್ಟರು. ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲು ಒಪ್ಪಲಿಲ್ಲ. ಮರುದಿನ ದೊರೆಯ ಕಡೆಯಿಂದಲೇ ಕರೆ ಹೋಯಿತು. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲು ಹತ್ತಿ ಬಂದು ಪ್ರಧಾನಿಯಾದ. ಹಿಂದಿನ ವರ್ಷದ ಚುನಾವಣೆಯಲ್ಲಿ 535 ಸ್ಥಾನಗಳ ಪೈಕಿ ಅವನ ಕಡೆಯವರಿಗೆ ಸಿಕ್ಕಿದ್ದು 35. ಅದೂ ಹಿರಿಯ ಉದಾರವಾದಿ ಜೊಲಿಟ್ಟಿ ತಮ್ಮ ಚುನಾವಣಾ ಕೂಟದಲ್ಲಿ ಜಾಗ ಕೊಟ್ಟಿದ್ದರಿಂದ. ಇಷ್ಟು ಚಿಕ್ಕ ಗುಂಪಿಗೆ ಒಂದು ರಾಷ್ಟ್ರ ಹೇಗೆ ದಕ್ಕಿತು ಎಂಬ ಪ್ರಶ್ನೆಗೆ ವಿದ್ವಾಂಸರು ನೂರು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಆ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತೀರ್ಮಾನ ಗಟ್ಟಿಯಾಗುತ್ತ ಬಂದಿರುವುದು ಕಾಣುತ್ತದೆ: ಫ್ಯಾಸಿಸಂ ಬೆಳೆದದ್ದು ಜನರ ನಡುವೆ, ಅಧಿಕಾರ ಸಿಕ್ಕಿದ್ದು ಆಗಲೇ ಅಧಿಕಾರದಲ್ಲಿದ್ದವರ ಕೈಯಿಂದ.

ಮೊದಲ ಉತ್ತರಗಳು ಬಂದದ್ದು ಎಡಪಂಥೀಯರಿಂದ. ಫ್ಯಾಸಿಸಂಗೆ ಸಮಾಜದಲ್ಲಿ ಆಳವಾದ ಬೇರುಗಳಿವೆ, ಸಮಾಜವಾದದಿಂದ ನಿರಾಶರಾದವರೂ ಅದರಲ್ಲಿದ್ದಾರೆ ಎಂದು ಕ್ಲಾರಾ ಜೆಟ್ಕಿನ್ 1923ರಲ್ಲೇ ಎಚ್ಚರಿಸಿದ್ದರು. ಆ ಸೂಕ್ಷ್ಮತೆ ಹೆಚ್ಚು ಕಾಲ ಉಳಿಯಲಿಲ್ಲ. ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ 1933ರ ಹೊತ್ತಿಗೆ ಫ್ಯಾಸಿಸಂ ಎಂದರೆ ಹಣಕಾಸು ಬಂಡವಾಳದ ಸರ್ವಾಧಿಕಾರ ಎಂಬ ಸೂತ್ರಕ್ಕೆ ಬಂದು ನಿಂತಿತು. ಆದರೆ ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲು ಜರ್ಮನಿಯ ದೊಡ್ಡ ಉದ್ಯಮಿಗಳ ಹಣದಲ್ಲಿ ಹೆಚ್ಚು ಪಾಲು ಬೇರೆ ಪಕ್ಷಗಳಿಗೇ ಹೋಗಿತ್ತೆಂದು ಹೆನ್ರಿ ಟರ್ನರ್ 1985ರಲ್ಲಿ ದಾಖಲೆಗಳ ಬಲದಿಂದ ತೋರಿಸಿದರು. ಇತ್ತ ಇಟಲಿಯ ಉದಾರವಾದಿ ಚಿಂತಕ ಕ್ರೋಚೆ, ಫ್ಯಾಸಿಸಂ ತಮ್ಮ ದೇಶದ ಚರಿತ್ರೆಯ ನಡುವೆ ಬಂದುಹೋದ ಒಂದು ಆವರಣ ಚಿಹ್ನೆ ಎಂದುಬಿಟ್ಟರು. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಉದಾರವಾದಿಗಳೂ ಇದ್ದರೆಂಬುದು ಆ ಮಾತಿನಲ್ಲಿ ಮರೆಯಾಯಿತು.

ಯುದ್ಧಾನಂತರದ ಅಧ್ಯಯನ ಜನಸಮೂಹದತ್ತ ತಿರುಗಿತು. ಸಂಘ ಸಂಬಂಧಗಳನ್ನು ಕಳೆದುಕೊಂಡು ಒಂಟಿಯಾದ ಮನುಷ್ಯರೇ ಸರ್ವಾಧಿಕಾರಕ್ಕೆ ಬಲಿಯಾದರು ಎಂಬುದು 1951ರಲ್ಲಿ ಹನಾ ಅರೆಂಟ್ ಮಂಡಿಸಿದ ಪ್ರಭಾವಶಾಲಿ ವಾದ. ಆದರೆ ಊರೂರಿನ ಕಡತ ಬಿಚ್ಚಿದವರಿಗೆ ಕಂಡದ್ದೇ ಬೇರೆ. ವಿಲಿಯಂ ಷೆರಿಡನ್ ಅಲೆನ್ 1965ರಲ್ಲಿ ನಾರ್ಥೈಮ್ ಎಂಬ ಸಣ್ಣ ಜರ್ಮನ್ ಪಟ್ಟಣವನ್ನು ಚಿತ್ರಿಸಿದಾಗ, ಅಲ್ಲಿ ಸಂಘಗಳಿಗೆ ಬರವಿರಲಿಲ್ಲ. ಮಧ್ಯಮ ವರ್ಗದ ನೆರೆಹೊರೆಯ ನಂಟುಗಳೇ ನಾಜಿಗಳಿಗೆ ನೆರವಾದವು. ಸಂಘಸಂಸ್ಥೆಗಳು ದಟ್ಟವಾಗಿದ್ದ ಪಟ್ಟಣಗಳಲ್ಲೇ ನಾಜಿ ಪಕ್ಷ ಬೇಗ ಹಬ್ಬಿತೆಂದು ಇತ್ತೀಚಿನ ಅಂಕಿಅಂಶ ಅಧ್ಯಯನಗಳೂ ಹೇಳುತ್ತವೆ. ಯುರ್ಗೆನ್ ಫಾಲ್ಟರ್ 1991ರಲ್ಲಿ ಪ್ರಕಟಿಸಿದ ಮತ ವಿಶ್ಲೇಷಣೆಯ ಪ್ರಕಾರ ಎಲ್ಲ ವರ್ಗಗಳಿಂದಲೂ ಹಿಟ್ಲರ್‌ಗೆ ಮತ ಬಿದ್ದಿತ್ತು. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರ ಪಾಲು ಬಹಳ ಹೆಚ್ಚಿತ್ತು.

ಇಷ್ಟಾದರೂ ಮತಗಳು ಕಥೆಯ ಅರ್ಧ ಮಾತ್ರ. ನಾಜಿ ಪಕ್ಷಕ್ಕೆ 1928ರಲ್ಲಿ ಶೇ. 2.6, 1930ರಲ್ಲಿ ಶೇ. 18.3, 1932ರ ಜುಲೈನಲ್ಲಿ ಶೇ. 37ರಷ್ಟು ಮತ ಬಂತು. ಅದೇ ನವೆಂಬರಿನಲ್ಲಿ ಅದು ಶೇ. 33ಕ್ಕೆ ಇಳಿಯಿತು. ಇಳಿಯುತ್ತಿದ್ದ ಆ ಹೊತ್ತಿನಲ್ಲೇ ಸಂಪ್ರದಾಯವಾದಿ ರಾಜಕಾರಣಿ ಫಾನ್ ಪಾಪೆನ್ ಸಂಧಾನ ನಡೆಸಿ, ಅಧ್ಯಕ್ಷ ಹಿಂಡೆನ್‌ಬರ್ಗ್ ಕೈಯಿಂದ ಹಿಟ್ಲರ್‌ಗೆ 1933ರ ಜನವರಿ 30ರಂದು ಚಾನ್ಸಲರ್ ಪದವಿ ಕೊಡಿಸಿದ್ದು. ಸಂಪುಟದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳು, ಆದ್ದರಿಂದ ಅವನು ನಮ್ಮ ಹಿಡಿತದಲ್ಲಿರುತ್ತಾನೆ ಎಂಬುದು ಸಂಪ್ರದಾಯವಾದಿಗಳ ಎಣಿಕೆ. ರಾಬರ್ಟ್ ಪ್ಯಾಕ್ಸ್‌ಟನ್ 2004ರಲ್ಲಿ ಫ್ಯಾಸಿಸಂ ಅನ್ನು ಹಂತಹಂತವಾಗಿ ಪರಿಶೀಲಿಸಿ, ಇಂಥ ಮೈತ್ರಿಯಿಲ್ಲದೆ ಅದು ಎಲ್ಲೂ ಅಧಿಕಾರದ ಹಂತ ಮುಟ್ಟಲಿಲ್ಲವೆಂದು ತೋರಿಸಿದರು.

1929ರ ಆರ್ಥಿಕ ಕುಸಿತವೇ ಸಾಕಷ್ಟು ಕಾರಣವಲ್ಲವೇ ಎಂದು ಕೇಳಬಹುದು. ಕುಸಿತವಿಲ್ಲದೆ ಜರ್ಮನಿಯ ಆ ಶೇ. 37 ಊಹಿಸಲಾಗದು, ನಿಜ. ಆದರೆ ಇಟಲಿಯಲ್ಲಿ ಮುಸೊಲಿನಿ ಗದ್ದುಗೆ ಏರಿದ್ದು ಅದಕ್ಕೂ ಏಳು ವರ್ಷ ಮುಂಚೆ. ಕುಸಿತದ ಏಟು ತಿಂದೂ ಫ್ಯಾಸಿಸಂಗೆ ಮಣಿಯದ ದೇಶಗಳೂ ಇದ್ದವು. ಫಿನ್ಲೆಂಡಿನಲ್ಲಿ 1918ರ ಅಂತರ್ಯುದ್ಧದ ಗಾಯ ಹಸಿಯಾಗಿತ್ತು, ಕಮ್ಯುನಿಸಂನ ಭಯ ತೀವ್ರವಾಗಿತ್ತು. ಆದರೂ 1932ರಲ್ಲಿ ಕಮ್ಯುನಿಸ್ಟ್ ವಿರೋಧಿ ಲಾಪುವಾ ಚಳವಳಿಯ ಬೆಂಬಲಿಗರು ಮ್ಯಾಂಟ್ಸಾಲಾದಲ್ಲಿ ದಂಗೆ ಎದ್ದಾಗ, ಹಿಂದೆ ಅವರ ಬೆಂಬಲ ಪಡೆದಿದ್ದ ಸಂಪ್ರದಾಯವಾದಿ ಅಧ್ಯಕ್ಷ ಸ್ವಿನ್‌ಹುಫ್ವುಡ್ ರೇಡಿಯೊದಲ್ಲಿ ಮಾತನಾಡಿ, ಮನೆಗೆ ಮರಳಿರೆಂದು ಆಜ್ಞಾಪಿಸಿದರು. ಕಮ್ಯುನಿಸ್ಟರನ್ನು ಹತ್ತಿಕ್ಕಲು ಆ ಚಳವಳಿಯೇ ಒತ್ತಾಯಿಸಿ ತರಿಸಿದ್ದ ಕಾನೂನಿನಡಿ ಚಳವಳಿ ನಿಷೇಧವಾಯಿತು. 1936ರಲ್ಲಿ ಬೆಲ್ಜಿಯಂನ ರೆಕ್ಸ್ ಪಕ್ಷ 21 ಸ್ಥಾನ ಗೆದ್ದಿತ್ತು. ಮರುವರ್ಷ ಬ್ರಸೆಲ್ಸ್ ಉಪಚುನಾವಣೆಯಲ್ಲಿ ಕ್ಯಾಥೊಲಿಕರಿಂದ ಕಮ್ಯುನಿಸ್ಟರವರೆಗೆ ಎಲ್ಲರೂ ಪ್ರಧಾನಿ ಫಾನ್ ಜೇಲಾಂಡ್ ಬೆನ್ನಿಗೆ ನಿಂತರು. ರೆಕ್ಸ್ ನಾಯಕ ಡೆಗ್ರೆಲ್‌ಗೆ ಕಾಲು ಭಾಗದಷ್ಟೂ ಮತ ಸಿಗಲಿಲ್ಲ.

ಮೇಲಿನವರನ್ನು ದೂರಿ ಮತದಾರರನ್ನು ಹೊಣೆಯಿಂದ ಬಿಡಿಸುವ ವಾದವಿದು ಎಂಬ ಆಕ್ಷೇಪವೂ ಉಂಟು. ಹಾಗಲ್ಲ: ಬೀದಿಯಲ್ಲಿ ಬಲವಿಲ್ಲದ ಪಕ್ಷವನ್ನು ಯಾವ ಪಾಪೆನ್ ಕೂಡ ಮಾತುಕತೆಗೆ ಕರೆಯುತ್ತಿರಲಿಲ್ಲ. ಆದರೆ ಕೋಟಿಗಟ್ಟಲೆ ಜನರ ಹೊಣೆ ಹರಿದು ಹಂಚಿಹೋಗುತ್ತದೆ. ಸಹಿ ಹಾಕಿದವರ ಹೊಣೆಗೆ ಹೆಸರು, ದಿನಾಂಕ ಎರಡೂ ಇವೆ. 1933ರ ಮಾರ್ಚ್ 23ರಂದು ಹಿಟ್ಲರ್‌ಗೆ ಸರ್ವಾಧಿಕಾರ ಕೊಡುವ ಮಸೂದೆ ಜರ್ಮನ್ ಸಂಸತ್ತಿಗೆ ಬಂತು. ಕಮ್ಯುನಿಸ್ಟ್ ಸದಸ್ಯರು ಆಗಲೇ ಸೆರೆಯಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ವಿರುದ್ಧ ಬಿದ್ದ 94 ಮತಗಳೂ ಸೋಷಿಯಲ್ ಡೆಮಾಕ್ರಟರವು. ಪರವಾಗಿ ಬಿದ್ದ 444ರಲ್ಲಿ ಕ್ಯಾಥೊಲಿಕ್ ಸೆಂಟರ್ ಪಕ್ಷದ ಮತಗಳೂ ಇದ್ದವು. ಮೂರೂವರೆ ತಿಂಗಳೊಳಗೆ ಆ ಪಕ್ಷವೇ ಇರಲಿಲ್ಲ.